ಕೊನೆಯ ಶನಿವಾರದ ಮೇವು

ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ಮೇವು ಕಲಸುತ್ತಿದ್ದ ಸೆವೆರಿನನಿಗೆ ಒಂದು ಮಾತು ಕೇಳಬೇಕಿತ್ತು: ನೀರು ಸಾಕೋ, ಇನ್ನೂ ಬೇಕೋ. ಕೇಳಲಾರದಂಥ ಮಾತೇನಲ್ಲ ಅದು. ಎಷ್ಟೋ ಬೇಸಿಗೆಗಳಿಂದ ಇದೇ ದೋಣಿಕಟ್ಟೆಯ ಇದೇ ಹಲಗೆಯ ಮೇಲೆ ಮಂಡಿಯೂರಿ ಕೂತು, 'ಅಪ್ಪ, ನೀರು ಸಾಕಾ?' ಎಂದು ಕೇಳಿದವನೇ ಅವನು. ಇವತ್ತು ಆ ಮೊದಲ ಪದ ನಾಲಿಗೆಯ ಬುಡದವರೆಗೆ ಬಂದು, ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ನೆಂಟನ ಹಾಗೆ ಅಲ್ಲೇ ನಿಂತುಬಿಟ್ಟಿತು. ಕೊನೆಗೆ, "ನೀರು ಸಾಕು ಅನ್ಸುತ್ತೆ" ಎಂದು ಯಾರನ್ನೂ ಕರೆಯದೆ, ಬಕೆಟ್ಟಿಗೇ ಹೇಳಿದ ಹಾಗೆ ಹೇಳಿದ. ಅವನ ಮಾವ ಝೆನೊನ್ ಬಗ್ಗಿ ಒಂದು ಹಿಡಿ ಎತ್ತಿಕೊಂಡು, ಅಂಗೈಯಲ್ಲಿ ಒತ್ತಿ ಉಂಡೆ ಮಾಡಿ, ಹೆಬ್ಬೆರಳಿಂದ ಒಡೆದು, ಮೂಗಿನ ಹತ್ತಿರ ಹಿಡಿದ. ಬ್ರೆಡ್ಡಿನ ಪುಡಿ, ಸೂರ್ಯಕಾಂತಿ ಹಿಂಡಿ, ಹುರಿದು ಕುಟ್ಟಿದ ಕೊತ್ತಂಬರಿ ಬೀಜ, ಬೆಂದ ಬಟಾಣಿ, ಒಂದು ಧಾರೆ ಕಾಕಂಬಿ, ಉಂಡೆ ನೆಟ್ಟಗೆ ತಳ ಸೇರಲೆಂದು ಹುಲ್ಲುಗಾವಲಿನಿಂದ ತಂದ ಮಣ್ಣು.

"ಸಾಕು ಮಾರಾಯ," ಎಂದ ಮುದುಕ. "ಇನ್ನು ನೀರು ಹಾಕಿದ್ರೆ ಸೂಪಾಗುತ್ತೆ. ನಮ್ಮ ಬ್ರೀಮ್ ಮೀನುಗಳು ಚಮಚ ತಂದಿಲ್ಲ."

ನಗಬೇಕಿತ್ತು, ಸೆವೆರಿನ್ ನಕ್ಕ. ನಗುವಿಗೆ ಯಾರನ್ನೂ ಹೆಸರಿಟ್ಟು ಕರೆಯುವ ಅಗತ್ಯವಿಲ್ಲವಲ್ಲ. ಆದರೆ ಒಂದು ಇಡೀ ದಿನವನ್ನು ಬರೀ ನಗುವಿನಲ್ಲಿ ಕಳೆಯಲಾದೀತೆ? ಮದುವೆ ನಿಶ್ಚಯವಾದ ಸಂಜೆ ಝೆನೊನ್ ತನ್ನ ಅಡುಗೆಮನೆಯಲ್ಲಿ ಸಣ್ಣ ಲೋಟಗಳಿಗೆ ವೋಡ್ಕಾ ಸುರಿದು, ಗಂಟಲು ಸರಿಮಾಡಿಕೊಂಡು ಹೇಳಿದ್ದ: "ನೋಡಪ್ಪ, 'ಪಾನ್ ಝೆನೊನ್', ಝೆನೊನ್ ಸಾಹೇಬ್ರೇ ಅಂತ ನನ್ನ ಕುರ್ಚೀಲಿ ಕೂತು ಗಡ್ಡ ಹೆರೆಸ್ಕೊಳ್ಳೋ ಗಿರಾಕಿಗಳು ಕರೀತಾರೆ. ನೀನು ಇವತ್ತಿಂದ ಅಪ್ಪ ಅನ್ನು." ಎಲ್ಲ ಮಾವಂದಿರೂ ಹೇಳುವ ಮಾತೇ, ಈ ದೇಶದ ಎಲ್ಲ ಅಳಿಯಂದಿರಿಗೂ ಸಿಗುವ ಅಪ್ಪಣೆಯೇ. ಆದರೂ ಸೆವೆರಿನನಿಗೆ ಅಂದು ಕಿವಿ ಬಿಸಿಯಾಗಿತ್ತು. ಅವನ ಸ್ವಂತ ಅಪ್ಪ ಹಡಗುಕಟ್ಟೆಯ ಕೆಲಸಕ್ಕೆಂದು ಗ್ದಾನ್ಸ್ಕಿಗೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ; ಆ ಪದ ಅವನ ಬಾಯಲ್ಲಿ ಬಳಕೆಯಿಲ್ಲದೆ ಬಿದ್ದಿತ್ತು. ಮೊದಮೊದಲು ಹೊಸ ಬೂಟಿನ ಹಾಗೆ ಕಚ್ಚುತ್ತಿದ್ದ ಪದ ಆಮೇಲಾಮೇಲೆ ಹೊಂದಿಕೊಂಡು, ಈಗ ಕಳಚಬೇಕಾದ ಹೊತ್ತಿಗೆ ಕಾಲಿಗೇ ಅಂಟಿಕೊಂಡಿದೆ. ಸೋಮವಾರ ಓಲ್ಶ್ಟಿನ್ ಪಟ್ಟಣದ ಕೋರ್ಟಿನಲ್ಲಿ ಅವನಿಗೂ ಇಲೋನಾಗೂ ವಿಚ್ಛೇದನ. ಜಗಳವಿಲ್ಲ, ಮಕ್ಕಳಿಲ್ಲ, ಇಬ್ಬರೂ ಒಪ್ಪಿದ್ದಾರೆ, ಅರ್ಧ ಗಂಟೆಯ ಕೆಲಸವಂತೆ. ಸೋಮವಾರ ಮಧ್ಯಾಹ್ನದಿಂದ ಈ ಮುದುಕ ಇವನಿಗೆ ಏನಾಗುತ್ತಾನೆ? ಮತ್ತೆ ಪಾನ್ ಝೆನೊನ್? ಗಿರಾಕಿಯೊಬ್ಬನ ಹಾಗೆ?

"ನಿಮ್ಮಪ್ಪನಿಗೆ ಯಾವಾಗ ಹೇಳೋದು?" ಎಂದು ಇಲೋನಾಳನ್ನು ಕೇಳಿದ್ದ. ಅವಳು, "ಅದನ್ನ ನನಗೆ ಬಿಡು" ಎಂದಿದ್ದಳು, ಫೋನಿನಲ್ಲಿ, ಹಿಂದೆ ನಲ್ಲಿಯ ಸದ್ದು ಕೇಳುತ್ತಿತ್ತು. ಹೇಳಿಲ್ಲವೆಂದೇ ಇವನ ಲೆಕ್ಕ. ಹೇಳಿದ್ದರೆ ಮೊನ್ನೆ ಫೋನು ಮಾಡಿ, "ಶನಿವಾರ ಮರೀಬೇಡಿ ಅಳಿಯಂದಿರೇ, ನಾಲ್ಕು ದಿನದಿಂದ ಜಾಗಕ್ಕೆ ಮೇವು ಹಾಕ್ತಾ ಇದೀನಿ, ಕೆರೆ ಕುದೀತಾ ಇದೆ!" ಎಂದು ಮುದುಕ ಕಿರುಚುತ್ತಿದ್ದನೇ?

ದೋಣಿಯ ಸರಪಳಿ ಬಿಚ್ಚಿ ಇಬ್ಬರೂ ಹತ್ತಿದರು. ಮುಂದುಗಡೆ ಮಾವ, ಹಿಂದುಗಡೆ ಅಳಿಯ, ಹುಟ್ಟು ಅಳಿಯನ ಕೈಯಲ್ಲಿ. ಲಿಪೊವೊ ಕೆರೆಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಕೂತಿತ್ತು. ಸದ್ದಾಗದ ಹಾಗೆ ಹುಟ್ಟು ಹಾಕುವುದನ್ನು ಕಲಿಸಿದವನೂ ಝೆನೊನನೇ. ಪಟ್ಟಣದಲ್ಲಿ ಕಾರು ಓಡಿಸುವುದನ್ನು ಕಲಿಸುವ ಕೆಲಸ ಸೆವೆರಿನನದು, ಅವನು ಕಲಿಸಿದವರು ನೂರಾರು ಮಂದಿ, ಆದರೆ ತಾನು ಕಲಿತದ್ದು ಇಲ್ಲಿ ಎಂದು ಅವನಿಗೆ ಅನ್ನಿಸುವುದುಂಟು. ಅವನ ಕಾರಿನಲ್ಲಿ ಅವನ ಕಡೆಗೂ ಒಂದು ಬ್ರೇಕಿದೆ. ಪಕ್ಕದವರು ತಪ್ಪಿದರೆ ತುಳಿಯುವುದಕ್ಕೆ. ಇಷ್ಟು ವರ್ಷ ಆ ಬ್ರೇಕಿನ ಮೇಲೆ ಕಾಲಿಟ್ಟೇ ಕೂತು ಅಭ್ಯಾಸವಾಗಿ, ಮನೆಯಲ್ಲೂ ಹಾಗೇ ಕೂತಿದ್ದೆನೋ ಏನೋ. ಇಲೋನಾ ಏನಾದರೂ ಹೇಳಹೊರಟರೆ ಕಾಲು ತಾನಾಗಿ ಒತ್ತಿಬಿಡುತ್ತಿತ್ತು. ಅವಳು ಒಂದು ಸಲ, ತಟ್ಟೆ ಒರೆಸುತ್ತ, ನಗುತ್ತಲೇ ಹೇಳಿದ್ದಳು: "ನೀನು ಮದುವೆ ಆಗಿದ್ದು ನನ್ನನ್ನಲ್ಲ ಕಣೋ, ನಮ್ಮಪ್ಪನನ್ನ." ಅವನೂ ನಕ್ಕಿದ್ದ. ಅವಳು ನಗು ನಿಲ್ಲಿಸಿದ ಮೇಲೂ ಅವನು ಸ್ವಲ್ಪ ಹೊತ್ತು ನಗುತ್ತಲೇ ಇದ್ದ, ಅದೇ ಅವನನ್ನು ಈಗ ಚುಚ್ಚುವುದು. ಯಾಕೆಂದರೆ ಅದು ಸುಳ್ಳಾಗಿರಲಿಲ್ಲ. ಕೊನೆಯ ಎರಡು ವರ್ಷ ಅವನು ಆ ಮನೆಯಲ್ಲಿ ಉಳಿದದ್ದು ಈ ದೋಣಿಯ ಹಿಂದಿನ ಹಲಗೆಗಾಗಿ. ಒಬ್ಬ ಹೆಂಗಸಿನ ಎರಡು ವರ್ಷವನ್ನು ಶನಿವಾರಗಳಿಗೋಸ್ಕರ ಹಿಡಿದಿಟ್ಟುಕೊಂಡೆನೆ ನಾನು ಎಂದು ಯೋಚಿಸುತ್ತ ಅವನು ಹುಟ್ಟನ್ನು ದೋಣಿಯ ಅಂಚಿಗೆ ಬಡಿದುಬಿಟ್ಟ.

"ಶ್!" ಎಂದ ಝೆನೊನ್, ಮೈಯೆಲ್ಲ ಕುಗ್ಗಿಸಿಕೊಂಡು. "ಬಾಗಿಲು ತಟ್ಟಿ ಒಳಗೆ ಹೋಗೋಕೆ ಇದೇನು ಪಾದ್ರಿಗಳ ಮನೆಯಾ?"

ಕ್ಷೌರದಂಗಡಿಯಲ್ಲಿ ಬೆಳಗಿಂದ ಸಂಜೆವರೆಗೆ ಕತ್ತರಿಗಿಂತ ಜೋರಾಗಿ ಆಡುವ ಬಾಯಿ ಅವನದು. ಊರಿನ ಮದುವೆ, ಸಾವು, ಮೇಯರ್ ಸಾಹೇಬರ ಮಂಡಿ ನೋವು, ಎಲ್ಲ ಅಲ್ಲಿಂದಲೇ ಹೊರಡುವುದು. ಕೆರೆಯ ಮೇಲೆ ಮಾತ್ರ ಪಿಸುಮಾತು. ಬ್ರೀಮ್ ಎಂದರೆ ಹಿತ್ತಾಳೆ ತಟ್ಟೆಯಷ್ಟು ಅಗಲದ, ಲೋಳೆ ಮೈಯ, ಹಿಂಡುಗಟ್ಟಿ ತಳ ಮೂಸುತ್ತ ಹೋಗುವ ಮೀನು. ಸದ್ದಾದರೆ ಹಿಂಡಿಗೆ ಹಿಂಡೇ ಎದ್ದು ಹೋಗುತ್ತದೆ. ಇದೇ ಹೊತ್ತಿಗೆ ಇದೇ ಜಾಗದಲ್ಲಿ ಮೇವು ಸಿಗುತ್ತದೆಂದು ಅದಕ್ಕೆ ರೂಢಿ ಮಾಡಿಸಬೇಕು. ಅದಕ್ಕೇ ಕೆರೆಯ ತಳಕ್ಕೆ ಒಂದು ಕೋಲು ನೆಟ್ಟು, ದಿನಾ ಅಷ್ಟಷ್ಟು ಹಾಕುತ್ತ, ಹಿಂಡನ್ನು ಮನೆಗೆ ಬರುವ ನೆಂಟರ ಹಾಗೆ ಪಳಗಿಸುವುದು. ಕೋಲು ಯಾರದೋ ಜಾಗವೂ ಅವನದೇ. ಇನ್ನೊಬ್ಬನ ಕೋಲಿನ ಬಳಿ ಗಾಳ ಹಾಕುವವನು ಕಳ್ಳನಿಗಿಂತ ಕಡೆ. ಚರ್ಚಿನಲ್ಲೂ ಅವನ ಪಕ್ಕದಲ್ಲಿ ಯಾರೂ ಕೂರುವುದಿಲ್ಲ.

ಕೋಲು ಮಂಜಿನಿಂದ ಹೊರಬಂದಾಗ ಸೆವೆರಿನ್ ಹುಟ್ಟನ್ನು ನೀರಿನಿಂದ ಎತ್ತಿ ಹಿಡಿದ. ಗುರುವಾರ ಸಂಜೆ, ಕೊನೆಯ ಪಾಠ ಮುಗಿಸಿ, ಅವನು ಯಾರಿಗೂ ಹೇಳದೆ ಇಲ್ಲಿಗೆ ಬಂದಿದ್ದ. ನಿನ್ನೆಯೂ ಬಂದಿದ್ದ. ದೋಣಿಯ ಬೀಗದ ಇನ್ನೊಂದು ಕೀ ಅವನ ಬಳಿಯೇ ಇತ್ತು. ಈಗ ತಾನೊಬ್ಬನೇ ಇರುವ ಬಾಡಿಗೆ ಕೋಣೆಯ ಒಂಟಿ ಒಲೆಯ ಮೇಲೆ, ಸೂಪಿನ ಪಾತ್ರೆಯಲ್ಲಿ, ರಾತ್ರಿಯಿಡೀ ನೆನೆಹಾಕಿದ ಮೆಕ್ಕೆಜೋಳ ಬೇಯಿಸಿ, ಬಕೆಟ್ಟು ತುಂಬ ತಂದು, ಇದೇ ಕೋಲಿನ ಸುತ್ತ ಸುರಿದಿದ್ದ. ಮುದುಕ ಬೆಳಗ್ಗೆ ಹಾಕುತ್ತಿದ್ದ, ಇವನು ಸಂಜೆ. ಕೊನೆಯ ಶನಿವಾರ ಹಿಂದೆಂದೂ ಆಗದಂಥ ಶನಿವಾರವಾಗಲಿ, ಮುದುಕ ಬಲೆಯನ್ನು ಎತ್ತಲಾರದೆ ಏದುಸಿರು ಬಿಡಲಿ, ಆಮೇಲೆ ವರ್ಷಗಟ್ಟಲೆ ಅಂಗಡಿಯಲ್ಲಿ ಗಿರಾಕಿಗಳ ಕತ್ತಿಗೆ ಬಟ್ಟೆ ಸುತ್ತುತ್ತ ಆ ಶನಿವಾರದ ಕಥೆ ಹೇಳುತ್ತಿರಲಿ. ಆ ಕಥೆಯಲ್ಲಿ ದೋಣಿಯ ಹಿಂದಿನ ಹಲಗೆಯ ಮೇಲೆ ತಾನೊಬ್ಬ ಇರುತ್ತೇನಲ್ಲ ಎಂಬ ಆಸೆ. ಉಡುಗೊರೆ ಎಂದು ಶುರುಮಾಡಿದ್ದು ಪಾತ್ರೆಯ ತಳ ಕೆರೆಯುವ ಹೊತ್ತಿಗೆ ಲಂಚದ ವಾಸನೆ ಹೊಡೆಯುತ್ತಿತ್ತು. ಆದರೂ ಹಾಕಿದ. ಜೋಳವೇ ಯಾಕೆ ಎಂದರೆ, ಬೀದಿಯ ಅಂಗಡಿಯಲ್ಲಿ ಬಟಾಣಿ ಮುಗಿದಿತ್ತು.

ಝೆನೊನನಿಗೋ ಮೆಕ್ಕೆಜೋಳ ಕಂಡರಾಗದು. "ಜೋಳ ಕೋಳಿಗೆ, ಮತ್ತೆ ಎದ್ವಿನ್‌ಗೆ" ಎನ್ನುತ್ತಿದ್ದ. ಎದ್ವಿನ್ ಎಂದರೆ ಜೊಂಡಿನ ಆಚೆ ತುದಿಯಲ್ಲಿ ಹಸಿರು ದೋಣಿ ಕಟ್ಟಿಕೊಂಡು ಕೂರುವ ನಿವೃತ್ತ ಪೋಸ್ಟ್‌ಮನ್. ಇಬ್ಬರೂ ಒಂದೇ ಬೆಂಚಿನಲ್ಲಿ ಶಾಲೆ ಕಲಿತವರು, ಅಂದಿನಿಂದಲೂ ಯಾರ ಮೀನು ದೊಡ್ಡದೆಂಬುದು ತೀರ್ಮಾನವಾಗಿಲ್ಲ.

ಕಲ್ಲುಗಳನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸಿ ದೋಣಿ ನಿಲ್ಲಿಸಿದರು. ಮುದುಕ ಕೋಲಿನ ಸುತ್ತ ಐದಾರು ಉಂಡೆ ಇಳಿಬಿಟ್ಟ, ಎಸೆಯಲಿಲ್ಲ, ತೊಟ್ಟಿಲಿಗೆ ಮಗು ಮಲಗಿಸಿದ ಹಾಗೆ ನೀರಿಗೆ ಒಪ್ಪಿಸಿದ. ಎರೆಡಬ್ಬಿಗಳನ್ನು ಮಂಡಿಯ ಮೇಲೆ ಸಾಲಾಗಿ ತೆರೆದ. ಸಗಣಿ ಗುಂಡಿಯ ಕೆಂಪು ಎರೆಹುಳು, ಮರದ ಹೊಟ್ಟಿನಲ್ಲಿ ಹೊರಳಾಡುವ ಬಿಳಿ ಹುಳು, ಬೆಂದ ಬಾರ್ಲಿ, ಬಟಾಣಿ, ಲುತ್ಸಿನಾ ಅತ್ತೆಯ ಸೂಪಿಗೆಂದು ತಂದದ್ದರಲ್ಲಿ ಕದ್ದ ನಕ್ಷತ್ರದಾಕಾರದ ಶಾವಿಗೆ.

"ಮೊದ್ಲು ಹುಳು," ಎಂದು ಪಿಸುಗುಟ್ಟಿದ. "ಎರಡು ಕೆಂಪು, ತುದಿಗೊಂದು ಬಿಳಿ. ಬೆಳಗಿನ ಬ್ರೀಮ್‌ಗೆ ಮಾಂಸ ಬೇಕು. ಎರೆ ತಳದ ಮೇಲೆ ಒಂದು ಗೇಣು ಮಲಗಿರ್ಲಿ. ಬೆಂಡು ಮುಳುಗೋದನ್ನ ಕಾಯ್ಬೇಡ..."

"ಏಳೋದನ್ನ ಕಾಯ್ಬೇಕು," ಎಂದ ಸೆವೆರಿನ್. ಪ್ರತಿ ಸಲವೂ ಹೀಗೇ ಆಗುವುದು, ಮಾವ ಅರ್ಧ ಹೇಳುವುದು, ಅಳಿಯ ಅರ್ಧ. ಬ್ರೀಮ್ ತಲೆ ತಗ್ಗಿಸಿ ಎರೆ ಹೀರಿ ಮೇಲೆತ್ತುತ್ತದೆ. ಆಗ ಸೀಸದ ಭಾರ ತಪ್ಪಿ ಬೆಂಡು ಎದ್ದು, ಪಕ್ಕಕ್ಕೆ ಮಲಗುತ್ತದೆ.

ಬೆಂಡುಗಳು ಏಳಲಿಲ್ಲ, ಮಲಗಲಿಲ್ಲ, ಅಲುಗಲೂ ಇಲ್ಲ. ಸೂರ್ಯ ಮೇಲೆ ಬಂದ. ಮಂಜು ಹರಿಯಿತು. ಎದ್ವಿನನ ಹಸಿರು ದೋಣಿ ದೂರದಲ್ಲಿ ಕಾಣಿಸಿಕೊಂಡಿತು. ಝೆನೊನ್ ಹುಳು ತೆಗೆದು ಬಾರ್ಲಿ ಚುಚ್ಚಿದ, ಬಾರ್ಲಿ ತೆಗೆದು ಬಟಾಣಿ, ಬಟಾಣಿ ತೆಗೆದು ಶಾವಿಗೆ. ಆಳ ಒಂದಿಷ್ಟು ಕಮ್ಮಿ ಮಾಡಿದ, ಮತ್ತೆ ಹೆಚ್ಚು ಮಾಡಿದ. ಗಾಳವನ್ನೇ ಸಣ್ಣದು ಕಟ್ಟಿದ, ಕನ್ನಡಕ ಹಣೆಗೇರಿಸಿ, ತಂಗೂಸಿ ದಾರವನ್ನು ತುಟಿಯಲ್ಲಿ ಒದ್ದೆಮಾಡಿ, ಉಸಿರು ಹಿಡಿದು. ಹದಿನೈದು ನಿಮಿಷಕ್ಕೊಂದು ಹೊಸ ಸಿದ್ಧಾಂತ: ಗಾಳಿ ಪೂರ್ವದ್ದು, ಅದಕ್ಕೆ, ನಿನ್ನೆ ಹುಣ್ಣಿಮೆ, ಅದಕ್ಕೆ, ಕೊತ್ತಂಬರಿ ಸ್ವಲ್ಪ ಸೀದಿತ್ತು, ಅದಕ್ಕೇ ಇರಬೇಕು. "ಲುತ್ಸಿನಾ ಮಾತಾಡಿಸ್ತಾ ನಿಂತ್ಲು, ಬಾಣಲೆ ಮರೆತೆ" ಎಂದ, ಬಹಳ ದೊಡ್ಡ ತಪ್ಪು ಒಪ್ಪಿಕೊಳ್ಳುವವನ ಹಾಗೆ. ಸೆವೆರಿನನಿಗೆ ಆ ಸೀದ ಕೊತ್ತಂಬರಿಯ ಮಾತು ತಡೆಯಲಾಗಲಿಲ್ಲ. ದೋಣಿಯಿಂದ ಎರಡು ಮಾರು ದೂರದಲ್ಲಿ ನೀರ ಮೇಲೆ ಸಾಸಿವೆಯಂಥ ಗುಳ್ಳೆಗಳು ಸೋಮಾರಿಯಾಗಿ ಎದ್ದು ಒಡೆಯುತ್ತಿದ್ದವು. ಹಿಂಡು ಇಲ್ಲೇ ಇದೆ. ಕೆಳಗೇ ಇದೆ. ಜೋಳ ತಿಂದು ತಿಂದು ಹೊಟ್ಟೆ ಬಿರಿದು, ಎದುರಿಗೆ ಬಿದ್ದ ಎರೆಹುಳುವನ್ನು ಆಕಳಿಸುತ್ತ ನೋಡುತ್ತಿದೆ. ಅಷ್ಟೇ ಅಲ್ಲ, ಎರಡು ದಿನದಿಂದ ಮೃಷ್ಟಾನ್ನವಾಗಿ ಸಿಕ್ಕಿದ ಜೋಳವೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲವೆಂದು ಹಟ ಹಿಡಿದಿರಬೇಕು, ಹಬ್ಬ ಕಳೆದ ಮಾರನೆಯ ದಿನದ ಮಕ್ಕಳ ಹಾಗೆ.

ಅವನ ಚೀಲದ ತಳದಲ್ಲಿ ಒಂದು ಬಾಟಲಿ ಜೋಳ ಉಳಿದಿತ್ತು. ಹೊರಗೆ ತೆಗೆದರೆ ಮುದುಕ ಕೇಳುತ್ತಾನೆ. ಕೇಳಿದರೆ ಹೇಳಬೇಕು. ಜೋಳದ ವಿಷಯ ಹೇಳಿದರೆ ಯಾಕೆ ಎಂಬುದನ್ನೂ ಹೇಳಬೇಕು, ಅದನ್ನು ಹೇಳಿದರೆ ಸೋಮವಾರ ಈಗಲೇ ಬಂದು ಈ ದೋಣಿಯಲ್ಲಿ ಕೂತುಬಿಡುತ್ತದೆ. ಇನ್ನೊಂದು ಗಂಟೆ, ಇನ್ನೊಂದೇ ಗಂಟೆ ಹೀಗೇ ಇರಲಿ ಎಂದು ಅವನು ಬೇಡಿಕೊಂಡ, ಯಾರನ್ನೆಂದು ತಿಳಿಯದೆ. ಝೆನೊನ್ ಥರ್ಮಾಸಿನಿಂದ ಚಹಾ ಬಗ್ಗಿಸಿದ. ಹಂದಿಕೊಬ್ಬು ಸವರಿದ ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಅಳಿಯನ ಪಾಲಿನದರಲ್ಲಿ ಈರುಳ್ಳಿ ಇರಲಿಲ್ಲ; ಈರುಳ್ಳಿ ಅವನಿಗಾಗದೆಂದು ಲುತ್ಸಿನಾ ಬೇರೆ ಕಾಗದದಲ್ಲಿ ಸುತ್ತಿ, ಮೇಲೆ ರಬ್ಬರ್ ಹಾಕಿ ಕಳಿಸಿದ್ದಳು. ಆ ರಬ್ಬರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಸೆವೆರಿನ್ ಯೋಚಿಸಿದ, ಈ ಜನ ನನ್ನ ಹೊಟ್ಟೆಯನ್ನು ಇಷ್ಟು ಬಲ್ಲರು.

"ನಿನ್ನ ತಲೆ ನೋಡು," ಎಂದ ಮುದುಕ, ಬ್ರೆಡ್ಡು ಅಗಿಯುತ್ತ. "ಕುರಿ ಉಣ್ಣೆ ಹಾಗೆ ಕಿವಿ ಮುಚ್ಚಿ ಬೆಳ್ದಿದೆ. ಊಟ ಆದ್ಮೇಲೆ ಅಡುಗೆಮನೆಲಿ ಕೂತ್ಕೋ, ಕತ್ತರಿ ಆಡಿಸ್ತೀನಿ."

"ಪರವಾಗಿಲ್ಲ, ಇರ್ಲಿ."

"ಏನು ಪರವಾಗಿಲ್ಲ? ನನ್ನ ಅಳಿಯ ಹೀಗೆ ಊರು ತಿರುಗಿದ್ರೆ ನನ್ನ ಅಂಗಡೀಗೆ ಯಾರು ಬರ್ತಾರೆ?"

ನನ್ನ ಅಳಿಯ. ಸೆವೆರಿನ್ ಮುಖ ಆಚೆ ತಿರುಗಿಸಿದ. ಮುದುಕ ಚಹಾದ ಗಸಿಯನ್ನು ನೀರಿಗೆ ಚೆಲ್ಲಲು ಬಗ್ಗಿದಾಗ, ತನಗೇ ತಿಳಿಯದ ಅವಸರದಲ್ಲಿ, ಚೀಲದೊಳಗೆ ಕೈ ಹಾಕಿ, ಬಾಟಲಿಯ ಮುಚ್ಚಳ ಒಳಗೇ ತಿರುಗಿಸಿ, ಒಂದು ಜೋಳದ ಕಾಳು ತೆಗೆದು, ಗಾಳದಿಂದ ಹುಳು ಕಿತ್ತು, ಕಾಳು ಚುಚ್ಚಿ ನೀರಿಗೆ ಬಿಟ್ಟ. ಮುದುಕನಿಗೆ ಒಂದಾದರೂ ಮೀನು ನೋಡಲು ಸಿಗಲಿ. ಒಂದೇ ಒಂದು.

ಬೆಂಡು ನಿಂತಿತೋ ಇಲ್ಲವೋ, ಅಲುಗಿತು. ನೀರಿನಿಂದ ಯಾರೋ ಮೆಲ್ಲಗೆ ತಳ್ಳಿದ ಹಾಗೆ ಮೇಲೆದ್ದಿತು, ಇನ್ನೂ ಎದ್ದಿತು, ಪಕ್ಕಕ್ಕೆ ವಾಲಿ ಮಲಗಿತು. ಝೆನೊನ್ ಉಸಿರು ಬಿಡದೆ ಅವನ ತೊಡೆ ಹಿಡಿದ. ಸೆವೆರಿನ್ ಎಳೆದ. ಗಣೆ ಬಾಗಿತು. ಕೆಳಗೆ ಏನೋ ದೊಡ್ಡದು, ಒಲ್ಲದ ಮನಸ್ಸಿನಿಂದ, ಹಾಸಿಗೆಯಿಂದ ಎಬ್ಬಿಸಿದವರ ಹಾಗೆ ತಲೆ ಕೊಡವಿತು. "ಮೆಲ್ಲಗೆ, ಮೆಲ್ಲಗೆ, ದಾರ ಬಿಡು, ಹಾ, ಈಗ ತಗೋ, ನನ್ನಪ್ಪಾ, ನನ್ನ ಬಂಗಾರ" ಎಂದು ಮುದುಕ ಮೀನಿಗೆ ಹೇಳುತ್ತಿದ್ದನೋ ಅಳಿಯನಿಗೋ, ಕೈಬಲೆ ಹಿಡಿದು ಬಗ್ಗಿದ್ದ. ಕಂಚಿನ ಬಣ್ಣದ, ಮೋಟು ಮೂತಿಯ, ಟ್ರೇಯಷ್ಟು ಅಗಲದ ಬ್ರೀಮ್ ಬಲೆಯೊಳಗೆ ಬಂದು ದೋಣಿಯ ಹಲಗೆಯ ಮೇಲೆ ಲೋಳೆ ಸುರಿಸುತ್ತ ಮಲಗಿತು. ಮುದುಕನ ಕಣ್ಣು ಒದ್ದೆಯಾಗಿದ್ದವು.

"ಏನು ಹಾಕಿದ್ದೆ?"

"ಹುಳು," ಎಂದ ಸೆವೆರಿನ್. ಸುಳ್ಳು ಇಷ್ಟು ಸುಲಭವಾಗಿ ಬಂತಲ್ಲ.

"ಎರಡು ಕೆಂಪು, ಒಂದು ಬಿಳಿ? ನಾನು ಹೇಳಿದ ಹಾಗೇ?"

"ನೀವು ಹೇಳಿದ ಹಾಗೇ."

ಮುದುಕ ಹೆಮ್ಮೆಯಿಂದ ಮೀನನ್ನು ಎರಡೂ ಕೈಯಲ್ಲಿ ಎತ್ತಿದ, ತೂಗಿ ನೋಡಲು. ಉಬ್ಬಿದ ಹೊಟ್ಟೆ ಒತ್ತಿಹೋಯಿತು. ಬ್ರೀಮ್ ಬಾಯಿಯನ್ನು ಚೀಲದ ಬಾಯಿಯ ಹಾಗೆ ಮುಂದಕ್ಕೆ ಚಾಚಿ, ಅವನ ಬೂಟಿನ ಮೇಲೆ ಹಳದಿ ಹಿಟ್ಟನ್ನು ಕಕ್ಕಿತು. ಅದರಲ್ಲಿ ಇಡೀ ಇಡೀ ಕಾಳುಗಳೂ ಇದ್ದವು. ಝೆನೊನ್ ಮೀನನ್ನು ಮಡಿಲಲ್ಲಿಟ್ಟುಕೊಂಡು ಬೂಟನ್ನು ನೋಡಿದ. ಒಂದು ಕಾಳು ಎತ್ತಿ ಬೆರಳುಗಳ ನಡುವೆ ಹಿಸುಕಿದ.

"ಜೋಳ," ಎಂದ.

ಆಮೇಲೆ ಜೊಂಡಿನಾಚೆಯ ಹಸಿರು ದೋಣಿಯ ಕಡೆ ತಲೆ ತಿರುಗಿಸಿದ. ಅವನ ಕತ್ತು ಕೆಂಪಗಾಗತೊಡಗಿತು. ಮೀನನ್ನು ನೀರಿನಲ್ಲಿ ಇಳಿಬಿಟ್ಟಿದ್ದ ಬಲೆಚೀಲಕ್ಕೆ ಹಾಕಿದ, ಬಹಳ ಜೋಪಾನವಾಗಿ, ಕೋಪ ಮೀನಿಗೆ ತಾಗದ ಹಾಗೆ. "ಎದ್ವಿನ್," ಎಂದ. "ನನ್ನ ಕೋಲಿನ ಹತ್ರ! ಐದು ದಿನ ನಾನು ಬೆನ್ನು ಮುರ್ಕೊಂಡು ಹುಟ್ಟು ಹಾಕಿದೀನಿ. ಇವನು ಸಂಜೆ ಬಂದು ಕೋಳಿ ಮೇವು ಸುರೀತಾನೆ, ನನ್ನ ಮೀನನ್ನ ಜೋಳಕ್ಕೆ ಪಳಗಿಸ್ತಾನೆ, ನಾಳೆ ಭಾನುವಾರ ನಾನು ಚರ್ಚಲ್ಲಿರೋವಾಗ ಇಲ್ಲಿ ಕೂತು ಬಳ್ಕೊಂಡು ಹೋಗ್ತಾನೆ! ಹುಟ್ಟು ತಗೋ."

"ಇರಿ, ಸ್ವಲ್ಪ..."

"ಹುಟ್ಟು ತಗೋ ಅಂದೆ! ಇಡೀ ಕೆರೆ ಕೇಳೋ ಹಾಗೆ ಅಂತೀನಿ ಇವತ್ತು. ಅರವತ್ತು ವರ್ಷದ ಸ್ನೇಹ ಮಣ್ಣು ಪಾಲು!" ಪಿಸುಮಾತಿನ ನಿಯಮ ಮರೆತುಹೋಗಿತ್ತು. ಮುದುಕ ಎದ್ದು ನಿಂತಿದ್ದ, ದೋಣಿ ತೂಗುತ್ತಿತ್ತು, ಆಗಲೇ ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಲು ಎದೆ ತುಂಬ ಉಸಿರೆಳೆದುಕೊಂಡಿದ್ದ. ಎದ್ವಿನ್ ಏನೂ ಅರಿಯದೆ ಆಚೆಯಿಂದ ಟೋಪಿ ಎತ್ತಿ ಬೀಸಿದ.

"ಅಪ್ಪ, ನಾನು!" ಎಂದ ಸೆವೆರಿನ್. "ಅಪ್ಪ, ಕೂತ್ಕೊಳ್ಳಿ, ಅದು ನಾನು. ಜೋಳ ನಂದು."

ಪದ ಬಂದಾಗಿತ್ತು. ಬಂದದ್ದು ಅವನಿಗೆ ಆಮೇಲೆ ಗೊತ್ತಾಯಿತು. ಝೆನೊನ್ ಎಳೆದುಕೊಂಡ ಉಸಿರನ್ನು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಮೆಲ್ಲಗೆ ಬಿಟ್ಟು, ಕೂತ. ಆಚೆಗೆ ಟೋಪಿ ಎತ್ತಿ ತೋರಿಸಿದ, ನೆರೆಯವನಿಗೆ ಬಾಕಿ ಉಳಿಯಬಾರದೆಂದು.

ಸೆವೆರಿನ್ ಹೇಳತೊಡಗಿದ. ಗುರುವಾರ, ಶುಕ್ರವಾರ, ಸೂಪಿನ ಪಾತ್ರೆ, ಬಟಾಣಿ ಸಿಗದೆ ಹೋದದ್ದು. ಎಷ್ಟು ಹಾಕಿದೆ ಎಂದು ಕೇಳಿದ್ದಕ್ಕೆ ಬಕೆಟ್ಟು ತೋರಿಸಿದ. "ಇದರ ತುಂಬ?" "ತುಂಬ." "ಎರಡು ದಿನಾನೂ?" "ಎರಡು ದಿನಾನೂ." ಮುದುಕ ಕಣ್ಣು ಮುಚ್ಚಿಕೊಂಡ. ಯಾಕೆ ಎಂದು ಅವನು ಕೇಳಲಿಲ್ಲ, ಆದರೆ ಸೆವೆರಿನನ ಬಾಯಿ ನಿಲ್ಲಲಿಲ್ಲ, ಬ್ರೇಕಿನ ಮೇಲಿದ್ದ ಕಾಲು ಎಲ್ಲಿ ಹೋಯಿತೋ. ಇದು ಕೊನೆಯದೆಂದು, ಸೋಮವಾರ ಕೋರ್ಟೆಂದು, ಹೇಳಬೇಕೆಂದು ಎಷ್ಟು ಸಲ ಬಾಯಿಗೆ ಬಂತೆಂದು, ಒಂದು ಒಳ್ಳೆಯ ಶನಿವಾರ ಕೊಟ್ಟು ಹೋಗೋಣವೆಂದುಕೊಂಡೆನೆಂದು, ಅದನ್ನೂ ಕೆಡಿಸಿದೆನೆಂದು. ಎಲ್ಲ ಹೇಳಿ ಮುಗಿದ ಮೇಲೆ ಕೆರೆ ಬಹಳ ದೊಡ್ಡದಾಗಿ ಕಂಡಿತು.

"ಗೊತ್ತು," ಎಂದ ಮುದುಕ.

"ಜೋಳದ ವಿಷಯನಾ?"

"ಜೋಳದ ವಿಷಯ ಈಗ ಗೊತ್ತಾಯ್ತು. ಇನ್ನೊಂದು, ಇಲೋನಾ ಆಗ್ಲೇ ಹೇಳಿದ್ಲು. ಈಸ್ಟರ್‌ಗೆ ಮೊದ್ಲು, ಮಾಂಸ ಬಿಡೋ ಉಪವಾಸದ ದಿನಗಳಲ್ಲಿ. ಉಪ್ಪುಮೀನು ತಿಂತಾ ಕೂತಿದ್ವಿ."

ಆಗಿನಿಂದ? ಸೆವೆರಿನನ ಕಿವಿ ಕಾದವು. ಬೆಳಗಿಂದ ಅವನು ಕರೆಯದೆ ಕರೆದದ್ದು, ತಪ್ಪಿಸಿಕೊಂಡು ಆಡಿದ ಒಂದೊಂದು ಮಾತೂ, ಎಲ್ಲವನ್ನೂ ಈ ಮುದುಕ ತಿಳಿದೇ ನೋಡುತ್ತಿದ್ದನೆ? ಬಟ್ಟೆಯಿಲ್ಲದೆ ನಿಂತ ಹಾಗಾಯಿತು ಅವನಿಗೆ.

"ಮತ್ತೆ ನೀವು ಒಂದು ಮಾತೂ..."

"ನೀನು ಹೇಳ್ತೀಯೇನೋ ಅಂತ ಕಾದೆ. ಏಪ್ರಿಲ್ ಹೋಯ್ತು, ಮೇ ಹೋಯ್ತು. ನಿನ್ನ ಕೂದ್ಲು ಬೆಳೀತಾ ಹೋಯ್ತು, ಬಾಯಿ ಮಾತ್ರ ಬಿಡ್ಲಿಲ್ಲ." ಝೆನೊನ್ ಬೂಟಿನ ಮೇಲಿನ ಜೋಳವನ್ನು ಚಿಂದಿಯಿಂದ ಒರೆಸತೊಡಗಿದ. "ನನಗೆ ಕೋಪ ಇಲ್ಲ ಅಂದ್ಕೋಬೇಡ. ಇದೆ. ಅವಳು ನನ್ನ ಮಗಳು. ನನ್ನ ಅಡುಗೆಮನೆಲಿ ಕೂತು ಅತ್ತಳು, ಉಪ್ಪುಮೀನು ಹಾಗೇ ಉಳೀತು. ಆವತ್ತು ನೀನು ಕ್ಷೌರಕ್ಕೆ ಬಂದಿದ್ರೆ ಒಂದು ಕಿವಿ ಹೋಗಿರೋದು."

"ಹೋಗ್ಬೇಕಿತ್ತು."

"ಸುಮ್ನಿರು. ಎಲ್ಲದಕ್ಕೂ ತಲೆ ಒಡ್ಡಬೇಡ." ಚಿಂದಿಯನ್ನು ನೀರಿನಲ್ಲಿ ಅದ್ದಿ ಹಿಂಡಿದ. "ಆಮೇಲೆ ನಾನೇ ಅವಳನ್ನ ಕೇಳ್ದೆ. ದೋಣಿ ಕಥೆ ಏನಮ್ಮಾ ಅಂತ. ಅವನನ್ನ ಕರ್ಕೊಂಡು ಹೋದ್ರೆ ನಿನಗೆ ನೋವಾಗುತ್ತಾ, ಹೇಳು, ಬಿಡ್ತೀನಿ ಅಂದೆ. ನಿಜವಾಗ್ಲೂ ಬಿಡ್ತಿದ್ದೆ. ನೀನೆಷ್ಟೇ ಆದ್ರೂ ಹೊರಗಿನಿಂದ ಬಂದೋನು, ಅವಳು ನನ್ನೋಳು."

ಸೆವೆರಿನ್ ಹುಟ್ಟಿನ ಹಿಡಿಯನ್ನು ಹಿಡಿದು ಕೂತಿದ್ದ. ನ್ಯಾಯಾಧೀಶರು ಸೋಮವಾರ ಏನು ಹೇಳುತ್ತಾರೆಂಬುದು ಅವನಿಗೆ ಗೊತ್ತಿತ್ತು. ಅಡುಗೆಮನೆಯಲ್ಲಿ, ಉಪ್ಪುಮೀನಿನ ತಟ್ಟೆಯ ಮುಂದೆ, ಇಲೋನಾ ಏನು ಹೇಳಿದಳೆಂಬುದು ಗೊತ್ತಿರಲಿಲ್ಲ.

"ಅವಳೇನಂದ್ಲು?"

ಮುದುಕನ ಮೀಸೆ ಅಲುಗಿತು. ನಗು ಬರುತ್ತಿದೆ, ಬರಬಾರದೆಂದು ತಡೆಯುತ್ತಿದ್ದಾನೆ. "ಮೂಗು ಒರೆಸ್ಕೊಂಡ್ಲು. ಆಮೇಲೆ ಬೆರಳು ಮಡಿಸಿ ಪಾಲು ಹೇಳಿದ್ಲು. 'ಮನೆ ನನಗೆ, ಕಾರು ಅವನಿಗೆ. ಬಟ್ಟೆ ಒಗೆಯೋ ಮಶೀನು ನನಗೆ. ಸೋಫಾ ಇಬ್ರಿಗೂ ಬೇಡ, ಮಾರ್ತೀವಿ. ಅಪ್ಪಾ, ಸೆವೆರಿನ್ ನಿಮಗೆ, ನೀವೇ ಇಟ್ಕೊಳ್ಳಿ, ಹೇಗೂ ಮೊದ್ಲಿಂದ ನಿಮ್ಮವನೇ' ಅಂದ್ಲು."

ಸೋಫಾದ ನಂತರ ನನ್ನ ಹೆಸರು ಎಂದುಕೊಂಡ ಸೆವೆರಿನ್. ಎದೆಯಲ್ಲಿ ಅವಮಾನ ಮುಳ್ಳಿನಂತೆ ಎದ್ದಿತು, ಅದರ ಹಿಂದೆಯೇ ಇನ್ನೇನೋ ಬಂದು ಅದನ್ನು ನೂಕಿ ಮುಂದೆ ನಿಂತಿತು. ಅವಳು ಅಳುವಾಗಲೂ ಹೀಗೆ ಹೇಳಬಲ್ಲಳು. ಅವಳ ಈ ತಮಾಷೆಗಳನ್ನು ಅವನು ಎಷ್ಟು ಸಲ ಕೇಳಿಸಿಕೊಳ್ಳದೇ ಹೋಗಿದ್ದನೋ. ಅವಳಿಗೊಂದು ಥ್ಯಾಂಕ್ಸ್ ಹೇಳಬೇಕು ಸೋಮವಾರ, ಕೋರ್ಟಿನ ಮೆಟ್ಟಿಲ ಮೇಲೆ, ಆದರೆ ಅದನ್ನು ಹೇಗೆ ಹೇಳುತ್ತಾರೆ? ನಗುವೋ ಅಳುವೋ ಎಂದು ತೀರ್ಮಾನವಾಗದ ಒಂದು ಸದ್ದು ಅವನ ಮೂಗಿನಿಂದ ಹೊರಬಿತ್ತು. ಎರಡು ನೀರುಕೋಳಿಗಳು ಜೊಂಡಿನಿಂದ ಹಾರಿಹೋದವು.

"ಅತ್ತೆ ಏನಂದ್ರು?"

"ಲುತ್ಸಿನಾ? ಅತ್ತಳು. ಎಲ್ಲಾದಕ್ಕೂ ಅಳ್ತಾಳೆ ಬಿಡು. ಆಮೇಲೆ ಜಾಮ್ ಬಾಟಲಿ ಎಣಿಸಿ ನಿನ್ನ ಪಾಲಿಂದು ಬೇರೆ ಕಪಾಟಿಗೆ ಇಟ್ಟಳು. ಒಂಟಿ ಗಂಡಸಿಗೆ ಜಾಮ್ ಜಾಸ್ತಿ ಬೇಕಂತೆ." ಮುದುಕ ಎರೆಡಬ್ಬಿಗಳ ಮುಚ್ಚಳ ಹಾಕತೊಡಗಿದ, ಹುಳುವಿಗೆ ಹುಳುವಿನದು, ಬಾರ್ಲಿಗೆ ಬಾರ್ಲಿಯದು. "ಆದ್ರೆ ಮೇವಿನ ವಿಷಯ ನಾನು ಕ್ಷಮಿಸಲ್ಲ. ಒಂದು ಬಕೆಟ್ಟು! ಮದುವೆ ಊಟನಾ ಇದು? ಮೇವು ಅಂದ್ರೆ ಕರೆಯೋದಕ್ಕೆ ಕಣಪ್ಪ, ತೃಪ್ತಿಪಡಿಸೋದಕ್ಕಲ್ಲ. ಒಂದು ಹಿಡಿ, ಇನ್ನೊಂದು ಹಿಡಿ, ಇನ್ನೂ ಇದೆಯೇನೋ ಅಂತ ಹುಡುಕ್ತಾ ಇರ್ಬೇಕು ಅವು. ಇನ್ನು ಇವಕ್ಕೆ ಹಸಿವಾಗೋದು ಬುಧವಾರಕ್ಕೇ."

"ಬುಧವಾರ ಸಂಜೆ ನನಗೆ ಪಾಠ ಇಲ್ಲ," ಎಂದ ಸೆವೆರಿನ್.

"ನಿನಗೆ ಪಾಠ ಇದೆ. ನನ್ನ ಹತ್ರ." ಝೆನೊನ್ ಬೂಟಿನ ಬಳಿ ಉಳಿದಿದ್ದ ಒಂದು ಕಾಳನ್ನು ಕಂಡು, ಎತ್ತಿ, ಬಿಸಾಡಲು ಹೋಗಿ, ಅನುಮಾನಿಸಿ ಮೂಸಿದ. "ಉಪ್ಪು ಹಾಕಿದ್ಯಾ ಬೇಯಿಸೋವಾಗ?"

"ಸಕ್ಕರೆ. ಒಂದು ಚಮಚ."

"ಹೂಂ," ಎಂದ ಮುದುಕ. "ಬುಧವಾರ ಒಂದು ಮುಷ್ಟಿ ತಾ. ಒಂದೇ ಮುಷ್ಟಿ. ಎದ್ವಿನ್‌ಗೆ ಗೊತ್ತಾಗ್ಬಾರ್ದು."

ಗಾಳದ ದಾರಗಳನ್ನು ಸುತ್ತಿದರು. ಬಿಸಿಲು ಬೆನ್ನು ಸುಡುತ್ತಿತ್ತು. ಕೋಲಿನ ಆಚೆ ಗುಳ್ಳೆಗಳು ಇನ್ನೂ ಒಂದೊಂದೇ ಎದ್ದು ಒಡೆಯುತ್ತಿದ್ದವು, ನಿದ್ದೆಯ ಉಸಿರಿನ ಹಾಗೆ. ಸೆವೆರಿನ್ ಹಿಂದಿನ ಕಲ್ಲಿನ ಹಗ್ಗ ಹಿಡಿದು ಜೋರಾಗಿ ಎಳೆಯಹೋದ. ಮೈಯಲ್ಲಿ ಎಲ್ಲಿಂದಲೋ ಬಲ ಬಂದಿತ್ತು, ಏನನ್ನಾದರೂ ಎಳೆಯಬೇಕು, ಎತ್ತಬೇಕು ಅನ್ನಿಸುತ್ತಿತ್ತು. ಮುಂದಿನಿಂದ ಮುದುಕ ತಿರುಗಿ ಬೆರಳನ್ನು ತುಟಿಯ ಮೇಲಿಟ್ಟ.

"ಮೆಲ್ಲಗೆ," ಎಂದು ಪಿಸುಗುಟ್ಟಿದ. "ಕೆಳಗೆ ಮಲಗಿವೆ. ಪಾಪ, ಅಷ್ಟು ಉಂಡಿವೆ."

ಸೆವೆರಿನ್ ಹಗ್ಗವನ್ನು ಒಂದೊಂದೇ ಗೇಣು ಎಳೆಯತೊಡಗಿದ, ಕಲ್ಲು ನೀರಿನಿಂದ ಹೊರಬರುವಾಗ ಒಂದು ಹನಿಯೂ ಸದ್ದು ಮಾಡದ ಹಾಗೆ.